ಜೇಬಿನ ಊದೋ ಮಶೀನು: ಯಾವುದನ್ನು ನಂಬಬಹುದು, ಎಲ್ಲಿಯವರೆಗೆ ನಂಬಬಹುದು

ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ, ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕ ಆಲ್ಕೋಹಾಲ್ ಮೀಟರ್ ಕೊಳ್ಳಬೇಡಿ. ಕೊಳ್ಳಲೇಬೇಕೆಂದಿದ್ದರೆ ಅದರ ಐದಾರು ಪಟ್ಟು ಬೆಲೆಯ ಫ್ಯೂಯಲ್ ಸೆಲ್ ಮೀಟರ್ ಕೊಳ್ಳಿ. ಅದಕ್ಕೂ ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್, ಅಂದರೆ ಓದು ತಾಳೆ ನೋಡಿ ಸರಿಹೊಂದಿಸುವ ಕೆಲಸ, ಮಾಡಿಸುವ ತಯಾರಿ ಇರಬೇಕು. ಸಕ್ಕರೆ ಕಾಯಿಲೆ ಇದ್ದವರು, ಕೀಟೋ ಊಟ (ಅನ್ನ, ರೊಟ್ಟಿ ಬಿಟ್ಟು ಹೆಚ್ಚಾಗಿ ಕೊಬ್ಬನ್ನೇ ತಿನ್ನುವ ಪಥ್ಯ) ಮಾಡುವವರು, ದಿನಗಟ್ಟಲೆ ಉಪವಾಸ ಹಿಡಿಯುವವರು ಇಂಥ ಮೀಟರ್‌ ಕೊಳ್ಳುವ ಮೊದಲು ಕೆಳಗಿನದನ್ನು ಪೂರ್ತಿ ಓದಬೇಕು. ಅವರ ಉಸಿರಿನಲ್ಲಿ ಇರುವುದು ಬೇರೆ, ಅಗ್ಗದ ಮಶೀನಿಗೆ ಕಾಣುವುದು ಬೇರೆ.

ಎರಡೂ ಮಶೀನು ಹೊರಗಿನಿಂದ ಒಂದೇ ಥರ: ಒಂದು ಊದುವ ತುದಿ, ಒಂದು ಪುಟ್ಟ ಪರದೆ, ಒಂದು ಗುಂಡಿ. ವ್ಯತ್ಯಾಸ ಒಳಗಿದೆ. ಅಗ್ಗದ್ದರಲ್ಲಿ ತವರದ ಆಕ್ಸೈಡ್ ಬಳಿದ ಸಣ್ಣ ಮಣಿಯೊಂದಿರುತ್ತದೆ. ಇದನ್ನು ಸೆಮಿಕಂಡಕ್ಟರ್ ಸೆನ್ಸರ್ ಅನ್ನುತ್ತಾರೆ. ಗುಂಡಿ ಒತ್ತಿದಾಗ ಅದು ಬಿಸಿಯಾಗುತ್ತದೆ. ಕಾದ ಮಣಿಯ ಮೇಲೆ ಉರಿಯಬಲ್ಲ ಯಾವ ಆವಿ ಹಾದರೂ ಅದರ ವಿದ್ಯುತ್ ರೋಧ ಇಳಿಯುತ್ತದೆ. ಆ ಇಳಿತವನ್ನೇ ಪರದೆ 'ಆಲ್ಕೋಹಾಲ್' ಎಂದು ತೋರಿಸುತ್ತದೆ. ಆದರೆ ಆವಿ ಯಾವುದು ಎಂದು ಕೇಳುವ ಶಕ್ತಿ ಆ ಮಣಿಗಿಲ್ಲ. ಎಥನಾಲ್, ಅಸಿಟೋನ್, ಸ್ಯಾನಿಟೈಸರ್ ಆವಿ, ಪೆಟ್ರೋಲ್ ಬಂಕ್‌ನ ಗಾಳಿ, ಬೀಡಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಎಲ್ಲವೂ ಅದಕ್ಕೆ ಹೆಚ್ಚುಕಡಿಮೆ ಒಂದೇ.

ಫ್ಯೂಯಲ್ ಸೆಲ್‌ನಲ್ಲಿ ಆಮ್ಲ ನೆನೆಸಿದ ತೆಳು ಬಿಲ್ಲೆಯ ಎರಡೂ ಮೈಗೆ ಪ್ಲಾಟಿನಂ ಲೇಪ ಇರುತ್ತದೆ. ಉಸಿರಿನ ಎಥನಾಲ್ ಪ್ಲಾಟಿನಂ ಮೇಲೆ ಆಕ್ಸಿಡೀಕರಣಗೊಂಡು ಅಸಿಟಿಕ್ ಆಮ್ಲದ ಕಡೆಗೆ ಹೋಗುತ್ತದೆ. ಆಗ ಹೊರಡುವ ಎಲೆಕ್ಟ್ರಾನುಗಳು ಕರೆಂಟ್ ಆಗುತ್ತವೆ. ಆಲ್ಕೋಹಾಲ್ ಎಷ್ಟೋ ಕರೆಂಟ್ ಅಷ್ಟು. ಅಸಿಟೋನ್ ಈ ಪ್ಲಾಟಿನಂ ಮೇಲೆ ಲೆಕ್ಕಕ್ಕೆ ಬರುವಷ್ಟು ಉರಿಯುವುದಿಲ್ಲ. ಐದಾರು ಪಟ್ಟು ದುಡ್ಡು ಕೊಡುವುದು ಈ ಒಂದು ಗುಣಕ್ಕಾಗಿ.

ಇನ್ನು ಅಸಿಟೋನ್ ಉಸಿರಿಗೆ ಬರುವುದು ಹೇಗೆ? ದೇಹಕ್ಕೆ ಸಕ್ಕರೆ, ಅನ್ನ, ರೊಟ್ಟಿ ಸಿಗದಿದ್ದಾಗ ಲಿವರ್ ಕೊಬ್ಬನ್ನು ಒಡೆದು ಕೀಟೋನ್ ತಯಾರಿಸುತ್ತದೆ. ಆ ಕೀಟೋನುಗಳಲ್ಲಿ ಒಂದು ತಾನಾಗಿಯೇ ಒಡೆದು ಅಸಿಟೋನ್ ಆಗಿ ಶ್ವಾಸಕೋಶದಿಂದ ಹೊರಬೀಳುತ್ತದೆ. ಉಗುರು ಬಣ್ಣ ಅಳಿಸುವ ದ್ರವದ ವಾಸನೆ, ಮಾಗಿದ ಹಣ್ಣಿನ ವಾಸನೆ ಎಂದು ಮನೆಯವರು ಹೇಳುವುದು ಇದನ್ನೇ. ಇಲ್ಲಿ ಒಂದು ಲೆಕ್ಕ ಗಟ್ಟಿಯಾಗಿ ಹಿಡಿಯಬೇಕು, ಯಾಕೆಂದರೆ 'ಉಪವಾಸ ಇದ್ದೆ, ಅದಕ್ಕೇ ಮಶೀನು ತೋರಿಸಿತು' ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಆಲ್ಕೋಹಾಲ್. ಉಸಿರಿನಲ್ಲಿ ಅದು ಲೀಟರಿಗೆ ಸುಮಾರು 0.14 ಮಿ.ಗ್ರಾಂ ಎಥನಾಲ್, ಅಂದರೆ ಹತ್ತಿರ ಹತ್ತಿರ 75-80 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು). ಊಟ ಸರಿಯಾಗಿ ಮಾಡುವವರ ಉಸಿರಿನಲ್ಲಿ ಅಸಿಟೋನ್ ಇರುವುದು 1 ಪಿಪಿಎಂ ಸುತ್ತಮುತ್ತ. ಶ್ರಾವಣ ಸೋಮವಾರದ ಒಪ್ಪೊತ್ತಿನಿಂದಲೋ ರಂಜಾನ್ ರೋಜಾದಿಂದಲೋ ಅದು ಕೆಲವೇ ಪಿಪಿಎಂ ಏರಬಹುದು. ಅಷ್ಟಕ್ಕೆ ಅಗ್ಗದ ಮಶೀನು ಕೂಡ ಸೊನ್ನೆಯಿಂದ ತುಸು ಅಲುಗಾಡೀತು, ಮಿತಿ ದಾಟದು. ದಿನಗಟ್ಟಲೆ ಏನೂ ತಿನ್ನದಿದ್ದರೆ, ವಾರಗಟ್ಟಲೆ ಕಟ್ಟುನಿಟ್ಟಿನ ಕೀಟೋ ಹಿಡಿದರೆ ಅಸಿಟೋನ್ ಹತ್ತಾರು ಪಟ್ಟು ಏರುತ್ತದೆ. ಟೈಪ್-1 ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ತಪ್ಪಿ ಕೀಟೋಅಸಿಡೋಸಿಸ್ (ಕೀಟೋನ್ ಅತಿಯಾಗಿ ರಕ್ತ ಆಮ್ಲೀಯವಾಗುವುದು) ಆದರೆ ನೂರಾರು ಪಿಪಿಎಂಗೂ ಹೋಗುತ್ತದೆ. ಆಗ ಸೆಮಿಕಂಡಕ್ಟರ್ ಮೀಟರ್ ಕೆಂಪು ದೀಪ ಹಾಕುತ್ತದೆ. ಆ ಮನುಷ್ಯನಿಗೆ ಬೇಕಿರುವುದು ವಕೀಲನಲ್ಲ, ಆಸ್ಪತ್ರೆ.

ಫ್ಯೂಯಲ್ ಸೆಲ್ ಅಸಿಟೋನ್‌ಗೆ ಮೋಸ ಹೋಗುವುದಿಲ್ಲ ಎಂದೆವು. ಅದಕ್ಕೂ ಒಂದು ಸಂದು ಇದೆ. ಅಸಿಟೋನ್ ಮೈಯಲ್ಲಿ ಹೆಚ್ಚಾದಾಗ ದೇಹದ ಕಿಣ್ವಗಳು ಅದರಲ್ಲಿ ಸ್ವಲ್ಪ ಭಾಗವನ್ನು ಐಸೊಪ್ರೊಪನಾಲ್ ಆಗಿ ಬದಲಿಸುತ್ತವೆ, ಕೆಲವು ಸ್ಯಾನಿಟೈಸರ್‌ನಲ್ಲಿ ಇರುವ ಅದೇ ಆಲ್ಕೋಹಾಲ್. ಇದನ್ನು ಫ್ಯೂಯಲ್ ಸೆಲ್ ಓದುತ್ತದೆ. ತೀರಾ ಕಡಿಮೆ ಕ್ಯಾಲರಿಯ ಪಥ್ಯದಲ್ಲಿದ್ದ, ಕುಡಿಯದ ವ್ಯಕ್ತಿಯೊಬ್ಬರ ವಾಹನದ ಇಂಟರ್‌ಲಾಕ್ ಮಶೀನು (ಚಾಲಕ ಊದಿದ ಮೇಲಷ್ಟೇ ಗಾಡಿ ಬಿಡುವ ಬೀಗ) ಎಂಜಿನ್ ಚಾಲೂ ಆಗಲು ಬಿಡದೇ ಹೋದ ಪ್ರಸಂಗವನ್ನು ಸ್ವೀಡನ್ ಸಂಶೋಧಕರು 2007ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಕಾರಣ ಎಂದು ಅವರು ಬೊಟ್ಟು ಮಾಡಿದ್ದು ಈ ಐಸೊಪ್ರೊಪನಾಲ್‌ಗೇ. ಹಾಗಾಗಿ ಕೀಟೋ ಪಥ್ಯದವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ಆಳವಾದ ಕೀಟೋಸಿಸ್, ಅಂದರೆ ಮೈಯಲ್ಲಿ ಕೀಟೋನ್ ತುಂಬಿದ ಸ್ಥಿತಿ, ಇದ್ದವರಿಗೆ ಸಲ್ಲುತ್ತದೆ. ಮಧ್ಯಾಹ್ನ ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ಜೋಳದ ರೊಟ್ಟಿ ತಿಂದವರಿಗೆ ಸಲ್ಲುವುದಿಲ್ಲ. ಎರಡು ರೊಟ್ಟಿಯ ಪಿಷ್ಟವೇ ಕೀಟೋಸಿಸ್ ಮುರಿಯಲು ಸಾಕು.

ಕೊಳ್ಳುವಾಗ ಜನ ಎಡವುವ ಇನ್ನೊಂದು ಜಾಗ ಪರದೆಯ ಮಾನ. ಈ ಮೀಟರ್‌ಗಳಲ್ಲಿ ಬಹುಪಾಲು ಹೊರದೇಶದ ಮಾರುಕಟ್ಟೆಗೆ ತಯಾರಾದವು. ಕೆಲವು ಶೇಕಡಾವಾರು ತೋರಿಸುತ್ತವೆ, ಕೆಲವು ಸಾವಿರದ ಪಾಲು, ಕೆಲವು ಉಸಿರಿನ ಲೀಟರಿಗೆ ಮಿಲಿಗ್ರಾಂ. ನಮ್ಮ 30 ಮಿ.ಗ್ರಾಂ ಮಿತಿ ಶೇಕಡಾವಾರಿನಲ್ಲಿ 0.03, ಸಾವಿರದ ಪಾಲಿನಲ್ಲಿ 0.3, ಉಸಿರಿನ ಲೆಕ್ಕದಲ್ಲಿ 0.14. ಉಸಿರಿನ ಮಾನದಲ್ಲಿ ಇಟ್ಟ ಮೀಟರ್ 0.20 ತೋರಿಸಿದಾಗ '0.3 ಒಳಗೇ ಇದೀನಿ' ಎಂದುಕೊಂಡರೆ ರಕ್ತದಲ್ಲಿ ಆಗಲೇ 42 ಮಿ.ಗ್ರಾಂ ಇರುತ್ತದೆ. ದೀಪದ ಬಣ್ಣ ಇದಕ್ಕಿಂತ ಅಪಾಯ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಿತಿ 0.08. ಆ ಲೆಕ್ಕಕ್ಕೆ ಹೊಂದಿಸಿದ ಮೀಟರ್ 0.05ರಲ್ಲೂ ಹಸಿರೋ ಹಳದಿಯೋ ತೋರಿಸುತ್ತಿರುತ್ತದೆ, ನಮ್ಮಲ್ಲಿ ಅದು ಕೇಸು ಆಗುವ ಮಟ್ಟ. ಅಲಾರಂ ಮಿತಿಯನ್ನು 0.03ಕ್ಕೆ ಬದಲಿಸಲು ಬಿಡದ ಮೀಟರ್ ಎಷ್ಟೇ ಒಳ್ಳೆಯದಿದ್ದರೂ ಇಲ್ಲಿಗೆ ಬೇಡ.

ಈಗ ಊಟದ ವಿಷಯ. ನಮ್ಮ ಕಡೆ ಇದರ ಬಗ್ಗೆ ಇರುವ ತಪ್ಪು ತಿಳಿವಳಿಕೆ ಬೇರೆಲ್ಲಕ್ಕಿಂತ ದೊಡ್ಡದು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೊಟ್ಟೆ ತುಂಬ ತಹರಿಯೋ ಬಿರಿಯಾನಿಯೋ ತಿಂದು ಕುಡಿದರೆ 'ಏರೋದಿಲ್ಲ' ಎನ್ನುತ್ತಾರೆ. ಜಠರದಲ್ಲಿ ಆಲ್ಕೋಹಾಲ್ ನಿಧಾನವಾಗಿ ಹೀರಲ್ಪಡುತ್ತದೆ, ಸಣ್ಣ ಕರುಳಿಗೆ ಇಳಿದ ಮೇಲೆ ಬೇಗ. ಜಠರದಲ್ಲಿ ಊಟ, ಅದರಲ್ಲೂ ಎಣ್ಣೆ ಜಿಡ್ಡಿನ ಊಟ ಇದ್ದರೆ ಕರುಳಿನ ಬಾಗಿಲು ಮೆಲ್ಲಗೆ ತೆರೆಯುತ್ತದೆ. ಹೀಗಾಗಿ ರಕ್ತದ ಮಟ್ಟ ಬೇಗ ಏರುವುದಿಲ್ಲ, ಶಿಖರವೂ ಖಾಲಿ ಹೊಟ್ಟೆಯಷ್ಟು ಎತ್ತರ ಹೋಗುವುದಿಲ್ಲ. ಇಷ್ಟು ನಿಜ. ಆದರೆ ಶಿಖರ ಬರುವ ಹೊತ್ತು ಮುಂದೆ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಬರುವ ಶಿಖರ ಭಾರೀ ಊಟದ ಮೇಲೆ ಎರಡು ಗಂಟೆಗೂ ಬರಬಹುದು.

ಇದನ್ನು ಮೀಟರ್ ಜೊತೆ ಜೋಡಿಸಿ ನೋಡಿ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿಯುವ ಮುನ್ನ ಢಾಬಾದಲ್ಲಿ ಒಬ್ಬರು ಊಟ ಮಾಡುತ್ತ ಒಂದು ನೈಂಟಿ ಮುಗಿಸುತ್ತಾರೆ. ಕೈ ತೊಳೆದು, ಕಾಲು ಗಂಟೆ ಕಾದು, ನಿಯಮದ ಪ್ರಕಾರ ಮೀಟರ್ ಊದುತ್ತಾರೆ. 0.02 ಬರುತ್ತದೆ. ಹಸಿರು ದೀಪ. ಗಾಡಿ ಚಾಲೂ ಮಾಡುತ್ತಾರೆ. ಹೊಟ್ಟೆಯಲ್ಲಿ ಕೂತಿದ್ದ ಮಿಕ್ಕ ಆಲ್ಕೋಹಾಲ್ ದಾರಿಯುದ್ದಕ್ಕೂ ರಕ್ತಕ್ಕೆ ಇಳಿಯುತ್ತಿರುತ್ತದೆ. ಒಂದು ಗಂಟೆಯ ಮೇಲೆ ಹುಮನಾಬಾದ್ ಹತ್ತಿರ ಪೊಲೀಸರು ನಿಲ್ಲಿಸಿದರೆ ಅದೇ ಮನುಷ್ಯ 0.04 ಊದುತ್ತಾನೆ. ಮೀಟರ್ ಸುಳ್ಳು ಹೇಳಲಿಲ್ಲ, ಆ ಕ್ಷಣದ ನಿಜ ಹೇಳಿತು, ಅಷ್ಟೇ. ಕುಡಿದು ಎರಡು ಗಂಟೆಯೊಳಗೆ ತೆಗೆದ ಒಂದೇ ಒಂದು ಓದಿಗೆ ಬೆಲೆ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟು ಎರಡು ಸಲ ಊದಿ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿದ್ದರೆ ಇನ್ನೂ ಏರುತ್ತಿದೆ ಎಂದರ್ಥ. ಸಂಖ್ಯೆ ಎಷ್ಟೇ ಚಿಕ್ಕದಿರಲಿ, ಬೀಗದ ಕೈ ಬೇರೆಯವರ ಕೈಗೆ ಹೋಗಬೇಕು.

ನಿಂಬೆ ಶರಬತ್ತು, ಮಜ್ಜಿಗೆ, ಕಡಕ್ ಚಹಾ, ತಣ್ಣೀರ ಸ್ನಾನ ಯಾವುದೂ ರಕ್ತದ ಆಲ್ಕೋಹಾಲನ್ನು ಇಳಿಸುವುದಿಲ್ಲ. ಲಿವರ್ ತನ್ನ ವೇಗದಲ್ಲೇ ಸುಡುತ್ತದೆ: ಗಂಟೆಗೆ 100 ಮಿ.ಲೀ.ಗೆ 10ರಿಂದ 20 ಮಿ.ಗ್ರಾಂ, ಸರಾಸರಿ 15. ಪಾನ್, ಉಳ್ಳಾಗಡ್ಡಿ, ಸೋಂಪು ವಾಸನೆ ಮುಚ್ಚಬಹುದು, ಮಶೀನು ವಾಸನೆ ನೋಡುವುದಿಲ್ಲ.

ಎಷ್ಟು ಕುಡಿದರೆ ಎಷ್ಟಾಗುತ್ತದೆ? ನಮ್ಮ ವಿಸ್ಕಿ, ರಮ್ಮು, ಬ್ರಾಂದಿ ಬಾಟಲಿಯ ಮೇಲೆ ಶೇ 42.8 ಎಂದು ಇರುತ್ತದೆ. 60 ಮಿ.ಲೀ. ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಆಯಿತು. 70 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕುಡಿದ ಪ್ರಮಾಣ, ಮೈ ತೂಕದಿಂದ ರಕ್ತದ ಮಟ್ಟ ಅಂದಾಜು ಮಾಡುವ ವಿಡ್‌ಮಾರ್ಕ್ ಸೂತ್ರದ ಲೆಕ್ಕಕ್ಕೆ 42-43 ಮಿ.ಗ್ರಾಂ ಬರುತ್ತದೆ, ಅಂದರೆ ಒಂದೇ ದೊಡ್ಡ ಪೆಗ್ಗಿಗೆ ಮಿತಿ ದಾಟಿತು. ಅದೇ ಪೆಗ್ ತೂಕ 50 ಕಿಲೋ ಇದ್ದ ಹೆಣ್ಣುಮಗಳಿಗೆ 73ರ ಹತ್ತಿರ ಒಯ್ಯುತ್ತದೆ. ಮೈಯಲ್ಲಿ ನೀರಿನ ಪಾಲು ಕಡಿಮೆ ಇದ್ದಷ್ಟೂ ಮಟ್ಟ ಮೇಲೆ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ ಇದೆ, ಎರಡು ದೊಡ್ಡ ಪೆಗ್ಗಿಗೆ ಸಮ. 'ಬರೀ ಬಿಯರ್' ಎನ್ನುವವರು ಈ ಸಂಖ್ಯೆ ನೆನಪಿಡಬೇಕು.

ಮೀಟರ್ ನಿಜಕ್ಕೂ ಕೆಲಸಕ್ಕೆ ಬರುವುದು ಮರುದಿನ ಬೆಳಿಗ್ಗೆ. ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರೊಳಗೆ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ಮುಗಿಸಿದ 70 ಕಿಲೋ ತೂಕದ ಚಾಲಕನ ಲೆಕ್ಕ ಹಾಕಿ. ಒಟ್ಟು 61 ಗ್ರಾಂ ಆಲ್ಕೋಹಾಲ್, ಸೂತ್ರಕ್ಕೆ ಸುಮಾರು 128 ಮಿ.ಗ್ರಾಂ. ಲಿವರ್ ಗಂಟೆಗೆ 15ರಂತೆ ಸುಟ್ಟರೆ ಬೆಳಗಿನ ಜಾವ ನಾಲ್ಕಕ್ಕೆ 30ಕ್ಕೆ ಇಳಿಯುತ್ತದೆ. ಗಂಟೆಗೆ 10ರಂತೆ ಸುಡುವ ಲಿವರ್ ಇದ್ದರೆ ಆರು ಗಂಟೆಗೂ 43 ಇರುತ್ತದೆ. ನಿದ್ದೆ ಮಾಡಿ, ಮುಖ ತೊಳೆದು, ಚಹಾ ಕುಡಿದು, ತೊಗರಿ ತುಂಬಿದ ಲಾರಿ ಹತ್ತುವ ಹೊತ್ತು ಅದು. ನಶೆ ಇಳಿದ ಹಾಗೆ ಅನ್ನಿಸುತ್ತದೆ, ರಕ್ತ ಹಾಗೆ ಹೇಳುವುದಿಲ್ಲ. ಆ ಹೊತ್ತಿಗೆ ಹೀರುವಿಕೆ ಮುಗಿದಿರುತ್ತದೆ, ಬಾಯಲ್ಲಿ ಮದ್ಯ ಉಳಿದಿರುವುದಿಲ್ಲ. ಆದ್ದರಿಂದ ಒಳ್ಳೆಯ ಫ್ಯೂಯಲ್ ಸೆಲ್ ಮೀಟರ್‌ನ ಓದು ಆಗ ನಂಬಿಕೆಗೆ ಅರ್ಹ. ಲಾರಿ, ಸ್ಕೂಲ್ ಬಸ್, ಟೂರಿಸ್ಟ್ ಕಾರು ಇಟ್ಟುಕೊಂಡ ಮಾಲೀಕರು ಬೀಗದ ಕೈ ಕೊಡುವ ಮೇಜಿನ ಮೇಲೆ ಒಂದು ಇಡಲಿ. ಈ ಒಂದು ಬಳಕೆಗೆ ದುಡ್ಡು ಸಾರ್ಥಕ.

ಬಾಯಿಯ ಆಲ್ಕೋಹಾಲ್ ಬೇರೆಯೇ ಸಂಗತಿ. ಮಶೀನಿನ ಲೆಕ್ಕ ನಿಂತಿರುವುದು ಶ್ವಾಸಕೋಶದ ಆಳದ ಗಾಳಿಯ ಮೇಲೆ: 2100 ಮಿ.ಲೀ. ಗಾಳಿಯಲ್ಲಿ ಇರುವಷ್ಟು ಆಲ್ಕೋಹಾಲ್ 1 ಮಿ.ಲೀ. ರಕ್ತದಲ್ಲಿ ಇದೆ ಎಂದು ಅದು ಮೊದಲೇ ಒಪ್ಪಿಕೊಂಡಿರುತ್ತದೆ. ಬಾಯಲ್ಲೇ ಹನಿ ಆಲ್ಕೋಹಾಲ್ ಉಳಿದಿದ್ದರೆ ಈ ಗುಣಾಕಾರ ಕೆಟ್ಟು ಹೋಗುತ್ತದೆ. ಬೇಕಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಆಲ್ಕೋಹಾಲ್ ಇರುವ ಮೌತ್‌ವಾಶ್ ಒಂದು ಮುಚ್ಚಳ ಬಾಯಲ್ಲಿ ಮುಕ್ಕಳಿಸಿ ಉಗುಳಿ, ತಕ್ಷಣ ಊದಿ. ಒಂದು ಹನಿ ನುಂಗದವರೂ ಮಿತಿಯ ಎಷ್ಟೋ ಪಟ್ಟು ತೋರಿಸುತ್ತಾರೆ. ಐದು ನಿಮಿಷಕ್ಕೆ ಊದಿ, ಹತ್ತಕ್ಕೆ ಊದಿ. ಸಂಖ್ಯೆ ಸರ್ರನೆ ಇಳಿಯುತ್ತದೆ. ಹದಿನೈದು ನಿಮಿಷಕ್ಕೆ ಸೊನ್ನೆ. ರಕ್ತದ ಆಲ್ಕೋಹಾಲ್ ಇಷ್ಟು ಬೇಗ ಇಳಿಯಲಾರದು. ಎರಡು ಓದುಗಳ ನಡುವಿನ ಈ ಇಳಿತವೇ ಬಾಯಿಯದೋ ರಕ್ತದ್ದೋ ಎಂದು ಹೇಳುವ ಗುರುತು.

ದ್ರಾಕ್ಷಾಸವ, ದಶಮೂಲಾರಿಷ್ಟದಂಥ ಆಸವ-ಅರಿಷ್ಟಗಳಲ್ಲಿ ಹುದುಗಿನಿಂದ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಲೇಬಲ್ ಮೇಲೆ ಬರೆದೇ ಇರುತ್ತದೆ. ಶೇ 10 ಎಂದು ಹಿಡಿದರೂ 30 ಮಿ.ಲೀ. ಗುಟುಕಿನಲ್ಲಿ ಎರಡೂವರೆ ಗ್ರಾಂಗಿಂತ ಕಡಿಮೆ. ರಕ್ತದಲ್ಲಿ 5 ಮಿ.ಗ್ರಾಂ ಆದರೆ ಹೆಚ್ಚು. ಕುಡಿದ ಹತ್ತು ನಿಮಿಷದಲ್ಲಿ ಊದಿದರೆ ಕಷ್ಟ, ಇಪ್ಪತ್ತು ನಿಮಿಷದ ಮೇಲೆ ಅದನ್ನು ನೆಪ ಮಾಡಲು ಬರುವುದಿಲ್ಲ. ಹೋಮಿಯೋಪಥಿ ಹನಿ, ಕೆಲವು ಕೆಮ್ಮಿನ ಔಷಧ, ಕೆಲವು ದಮ್ಮಿನ ಪಂಪು ಇದೇ ಸಾಲಿಗೆ ಸೇರುತ್ತವೆ. ಹುಳಿ ಬಂದ ಹಣ್ಣೂ ಅಷ್ಟೇ: 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಹಲಸಿನ ಹಣ್ಣು ತಿಂದ ಚಾಲಕರು ಊದಿದಾಗ ಮಶೀನು ಆಲ್ಕೋಹಾಲ್ ತೋರಿಸಿದ್ದು ಸುದ್ದಿಯಾಗಿತ್ತು. ಬೀದರ್ ಕಡೆ ಸೀತಾಫಲದ ಕಾಲದಲ್ಲಿ ಒಡೆದು ಹುಳಿತ ಹಣ್ಣು ತಿಂದ ಕೂಡಲೇ ಊದುವುದು ಬೇಡ. ನೀರಲ್ಲಿ ಬಾಯಿ ಮುಕ್ಕಳಿಸಿ ಕಾಲು ಗಂಟೆ ಕಾಯಿರಿ. ಹುಳಿತೇಗು, ಎದೆಯುರಿ ಇದ್ದವರಿಗೆ ಮಾತ್ರ ಈ ಕಾಲು ಗಂಟೆ ಸಾಲದು. ಹೊಟ್ಟೆಯಲ್ಲಿ ಮದ್ಯ ಇದ್ದಾಗ ತೇಗು ಬಂದರೆ ಗಡಿಯಾರ ಮತ್ತೆ ಸೊನ್ನೆಯಿಂದ.

ಜ್ವರ ಇದ್ದರೂ ಓದು ಬದಲಾಗುತ್ತದೆ. ಮೈ ಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಿಗೆ ಬರುವ ಆಲ್ಕೋಹಾಲ್ ಸುಮಾರು ಶೇ 6.5 ಹೆಚ್ಚು. 39 ಡಿಗ್ರಿ ಜ್ವರದವನ ರಕ್ತದಲ್ಲಿ ನಿಜವಾಗಿ 27 ಇದ್ದರೆ ಮಶೀನು 30ರ ಗಡಿ ಮುಟ್ಟಿಸುತ್ತದೆ. 2100 ಎಂಬ ಸಂಖ್ಯೆಯೂ ಎಲ್ಲರ ಮೈಗೆ ಒಂದೇ ಅಲ್ಲ. ಒಬ್ಬರಲ್ಲಿ ಅದು 1800 ಇದ್ದರೆ 26 ಇರುವ ರಕ್ತ 30 ಎಂದು ಕಾಣುತ್ತದೆ. ಬಹುಪಾಲು ಜನರಲ್ಲಿ ಹೀರುವಿಕೆ ಮುಗಿದ ಮೇಲೆ ಅದು 2100ಕ್ಕಿಂತ ಹೆಚ್ಚೇ ಇರುತ್ತದೆ, ಅಂದರೆ ಮಶೀನು ಅವರಿಗೆ ಕಡಿಮೆಯನ್ನೇ ತೋರಿಸುತ್ತದೆ. ಈ ವಾದಗಳಿಗೆ ಕಸುವು ಇರುವುದು 30ರಿಂದ 35ರ ಅಂಚಿನಲ್ಲಿ. 90 ಊದಿದವರಿಗೆ ಜ್ವರದಿಂದ ಉಪಯೋಗವಿಲ್ಲ.

ಕಲಬುರಗಿ, ಯಾದಗಿರಿ ಬಿಸಿಲಿಗೆ ಬರೋಣ. ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ ಇದ್ದಾಗ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ದಾಟುತ್ತದೆ. ಅಲ್ಲಿ ಬಿಟ್ಟ ಫ್ಯೂಯಲ್ ಸೆಲ್‌ನ ಬಿಲ್ಲೆ ಒಣಗುತ್ತದೆ. ಒಣಗಿದ ಸೆಲ್ ಕಡಿಮೆ ತೋರಿಸತೊಡಗುತ್ತದೆ, ನಿಧಾನವಾಗುತ್ತದೆ. ಕಡಿಮೆ ತೋರಿಸುವ ಮೀಟರ್‌ಗಿಂತ ಕೆಟ್ಟ ಮೀಟರ್ ಇಲ್ಲ. ಕಾರಿನಲ್ಲಿ ಇಡಬೇಡಿ, ಜೇಬಿನಲ್ಲೋ ಮನೆಯ ತಂಪಿನಲ್ಲೋ ಇಡಿ. ಇನ್ನೊಂದು ಶತ್ರು ಡ್ಯಾಶ್‌ಬೋರ್ಡ್, ಟೈರು ಮಿಂಚಿಸುವ ಪಾಲಿಶ್. ಅದರಲ್ಲಿ ಸಿಲಿಕೋನ್ ಇರುತ್ತದೆ, ಸಿಲಿಕೋನ್ ಆವಿ ಸೆಮಿಕಂಡಕ್ಟರ್ ಮಣಿಯ ಮೇಲೆ ಪೊರೆ ಕಟ್ಟಿ ಅದನ್ನು ಕುರುಡು ಮಾಡುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ದೂಳು, ಶಹಾಬಾದ್ ಕಲ್ಲಿನ ಪುಡಿ ಊದುವ ರಂಧ್ರದಲ್ಲಿ ಕೂರುತ್ತದೆ; ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಸಾಕು. ಸಿಗರೇಟು ಸೇದಿದ ಬಾಯಿಂದ ಊದಬೇಡಿ, ಹೊಗೆ ಎರಡು ಬಗೆಯ ಸೆನ್ಸರ್‌ಗೂ ಹಾನಿ. ಊದುವಾಗ ಸಾಧಾರಣವಾಗಿ ಒಂದು ಉಸಿರು ತೆಗೆದುಕೊಂಡು, ಒಂದೇ ಹದದಲ್ಲಿ ನಾಲ್ಕೈದು ಸೆಕೆಂಡ್, ಬೀಪ್ ನಿಲ್ಲುವವರೆಗೆ ಊದಿ. ಅರ್ಧಕ್ಕೆ ಬಿಟ್ಟರೆ ಮೇಲಿನ ಗಾಳಿ ಮಾತ್ರ ಹೋಗಿ ಓದು ಕಡಿಮೆ ಬರುತ್ತದೆ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಅಸಿಟೋನ್‌ಗಿಂತ ಗಂಭೀರವಾದದ್ದು ಸಕ್ಕರೆ ಇಳಿಯುವುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ತಡವಾದರೆ ರಕ್ತದ ಸಕ್ಕರೆ 70 ಮಿ.ಗ್ರಾಂಗಿಂತ ಕೆಳಗೆ ಬೀಳಬಹುದು. ಆಗ ಬೆವರು, ಕೈ ನಡುಕ, ತೊದಲು, ತೂರಾಟ, ಸಿಡುಕು. ರಸ್ತೆ ಬದಿಯಲ್ಲಿ ನೋಡುವವರಿಗೆ ಪಕ್ಕಾ ಕುಡುಕ. ಮಶೀನು ಸೊನ್ನೆ ತೋರಿಸುತ್ತದೆ, ಆದರೂ 'ನಾಟಕ ಮಾಡ್ತಾನ' ಎಂದು ಕೂರಿಸಿದರೆ ಜೀವಕ್ಕೇ ಅಪಾಯ. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಕಾಲು ಗಂಟೆಗೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಇಂಥವರು ಗಾಡಿಯಲ್ಲಿ ಇಟ್ಟುಕೊಳ್ಳಬೇಕಾದದ್ದು ಆಲ್ಕೋಹಾಲ್ ಮೀಟರ್ ಅಲ್ಲ, ಗ್ಲುಕೋಮೀಟರ್. ಅದರ ನೆನಪಿನಲ್ಲಿ ತಾರೀಖು, ಹೊತ್ತು ಸಮೇತ ಓದು ಉಳಿಯುತ್ತದೆ. ನಾಳೆ ಕೋರ್ಟಿನಲ್ಲಿ ಮೈಯ ರಸಾಯನದ ಬಗ್ಗೆ ಮಾತಾಡಬೇಕಾದರೆ ಅದಕ್ಕಿಂತ ಒಳ್ಳೆಯ ಕಾಗದ ಸಿಗುವುದಿಲ್ಲ. ಹೊಟ್ಟೆಯೊಳಗೇ ಪಿಷ್ಟ ಹುದುಗಿ ಆಲ್ಕೋಹಾಲ್ ಆಗುವ ಆಟೋ ಬ್ರೂವರಿ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯೂ ಇದೆ. ಬೆಲ್ಜಿಯಂನ ಬ್ರೂಜ್ ನಗರದಲ್ಲಿ 2024ರ ಏಪ್ರಿಲ್‌ನಲ್ಲಿ ಒಬ್ಬರು ಈ ಕಾರಣಕ್ಕೇ ಖುಲಾಸೆ ಆದರು, ಮೂವರು ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ ದೃಢಪಡಿಸಿದ ಮೇಲೆ.

ಕೋರ್ಟಿನಲ್ಲಿ ಜೇಬಿನ ಮೀಟರ್‌ನ ಫೋಟೋ ಹಿಡಿದು ನಿಂತರೆ ಕೆಲಸ ಆಗದು. ಮೋಟಾರು ವಾಹನ ಕಾಯ್ದೆ 1988ರ 203ನೇ ಕಲಂ ಪ್ರಕಾರ ಉಸಿರು ಪರೀಕ್ಷೆ ಎಂದರೆ ಕೇಂದ್ರ ಸರ್ಕಾರ ಒಪ್ಪಿದ ಮಾದರಿಯ ಉಪಕರಣದಲ್ಲಿ ಮಾಡಿದ್ದು. 185ನೇ ಕಲಂ ಅಡಿ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 2 ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. 'ಊದೋದಿಲ್ಲ' ಎಂದು ಹಟ ಹಿಡಿಯುವುದು ಜಾಣತನವಲ್ಲ. ಸರಿಯಾದ ಕಾರಣ ಇಲ್ಲದೆ ನಿರಾಕರಿಸಿದರೆ 205ನೇ ಕಲಂ ಪ್ರಕಾರ ಆ ನಿರಾಕರಣೆಯೇ ಎದುರಿನ ಸಾಕ್ಷ್ಯಕ್ಕೆ ಬಲ ಕೊಡುತ್ತದೆ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು ಎಂದು 202ನೇ ಕಲಂ ಹೇಳುತ್ತದೆ. ಹಾಗಾಗಿ ನಿಲ್ಲಿಸಿದ ಹೊತ್ತು, ಊದಿಸಿದ ಹೊತ್ತು, ಆಸ್ಪತ್ರೆ ಮುಟ್ಟಿದ ಹೊತ್ತು ಮೂರನ್ನೂ ಬರೆದಿಡಬೇಕು.

ಮೈಯ ರಸಾಯನದ ಮೇಲೆ ನಿಂತ ವಾದಕ್ಕೆ ರಕ್ತದ ವರದಿಯೇ ಆಧಾರ. ಕೀಟೋಸಿಸ್ ಇದೆ, ಇನ್ಸುಲಿನ್ ಮೇಲೆ ಇದ್ದೇನೆ, ಈಗಷ್ಟೇ ಔಷಧ ಕುಡಿದೆ ಎನ್ನುವವರು ಅದನ್ನು ಅಲ್ಲೇ, ಆಗಲೇ ಅಧಿಕಾರಿಗೆ ಹೇಳಿ, ಕಾಲು ಗಂಟೆ ಬಿಟ್ಟು ಎರಡನೇ ಸಲ ಊದಿಸಲು, ರಕ್ತ ಪರೀಕ್ಷೆ ಮಾಡಿಸಲು ಕೇಳಬೇಕು. ಗ್ಯಾಸ್ ಕ್ರೊಮೆಟೋಗ್ರಫಿ ಎಂಬ ಲ್ಯಾಬ್ ಪರೀಕ್ಷೆಯಲ್ಲಿ ಎಥನಾಲ್, ಅಸಿಟೋನ್, ಐಸೊಪ್ರೊಪನಾಲ್ ಬೇರೆ ಬೇರೆ ಗೆರೆಯಾಗಿ ಬೀಳುತ್ತವೆ, ಗೊಂದಲಕ್ಕೆ ಜಾಗವಿಲ್ಲ. ಆ ರಕ್ತ ತೆಗೆಯುವಾಗ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದರೆ ಮಾದರಿಯೇ ಪ್ರಶ್ನೆಗೆ ಒಳಗಾಗುತ್ತದೆ. ಆಲ್ಕೋಹಾಲ್ ಇಲ್ಲದ, ನೀರಿನ ಪೊವಿಡೋನ್ ಅಯೋಡಿನ್‌ನಂಥದು ಬೇಕು. ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು, ಬೂದು ಮುಚ್ಚಳದ್ದು. ಅದಿಲ್ಲದೆ ನಮ್ಮ ಬೇಸಿಗೆಯಲ್ಲಿ ಫ್ರಿಜ್ ಹೊರಗೆ ಉಳಿದ ರಕ್ತದಲ್ಲಿ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಹುದುಗಿಸಿ ಆಲ್ಕೋಹಾಲ್ ಹುಟ್ಟಿಸಬಲ್ಲವು, ಸಕ್ಕರೆ ಹೆಚ್ಚಿರುವವರ ರಕ್ತದಲ್ಲಿ ಇನ್ನೂ ಸುಲಭವಾಗಿ. ವರದಿ ಸೀರಂದೋ (ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿ ದ್ರವ) ಇಡೀ ರಕ್ತದ್ದೋ ಎಂದೂ ನೋಡಬೇಕು: ಸೀರಂ ಓದು ಶೇ 12ರಿಂದ 18 ಹೆಚ್ಚು ಬರುತ್ತದೆ, ಕಾನೂನು ಹೇಳುವುದು ರಕ್ತವನ್ನು. ಪೊಲೀಸ್ ಮಶೀನಿನ ಚೀಟಿಯಲ್ಲಿ ಮಶೀನಿನ ನಂಬರು, ಹೊತ್ತು, ಊದುವ ಮೊದಲಿನ ಸೊನ್ನೆ ಓದು ಇದೆಯೇ, ಕ್ಯಾಲಿಬ್ರೇಶನ್ ತಾರೀಖು ಯಾವುದು ಎಂದು ವಕೀಲರು ಕೇಳುತ್ತಾರೆ. ಪಥ್ಯದ ಕಥೆಗಿಂತ ಈ ನಾಲ್ಕು ಪ್ರಶ್ನೆಗಳಿಗೆ ತೂಕ ಹೆಚ್ಚು. ಬರೀ ವಾಸನೆ, ತೂರಾಟ, ತೊದಲಿನ ಮೇಲೆ ಕುಡಿದಿದ್ದ ಎಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ಬಚುಭಾಯಿ ಕರ್ಯಾನಿ ಪ್ರಕರಣದಲ್ಲಿ ಹೇಳಿದೆ. ವಿಮೆಯ ವಿಷಯ ಬೇರೆ: ಪರೀಕ್ಷೆ ಆಗದಿದ್ದರೂ ಸಂದರ್ಭ ನೋಡಿ ವಿಮಾ ಹಣ ನಿರಾಕರಿಸಬಹುದು ಎಂಬುದು ಅದೇ ಕೋರ್ಟಿನ 2021ರ ತೀರ್ಪು.

ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ 'ಫ್ಯೂಯಲ್ ಸೆಲ್' ಎಂದು ಸ್ಪಷ್ಟವಾಗಿ ಇರಲಿ. 'ಹೈ ಸೆನ್ಸಿಟಿವ್ ಡಿಜಿಟಲ್ ಸೆನ್ಸರ್' ಎಂದಷ್ಟೇ ಇದ್ದರೆ ಅದು ಸೆಮಿಕಂಡಕ್ಟರ್ ಎಂದು ತಿಳಿಯಿರಿ. ಕ್ಯಾಲಿಬ್ರೇಶನ್ ಎಲ್ಲಿ ಮಾಡುತ್ತಾರೆ, ಎಷ್ಟು ದಿನ ಹಿಡಿಯುತ್ತದೆ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಹೈದರಾಬಾದಿಗೋ ಬೆಂಗಳೂರಿಗೋ ಕೊರಿಯರ್ ಮಾಡಬೇಕಾದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿ. ಬದಲಿಸುವ ಊದುಗೊಳವಿ ಕನಿಷ್ಠ 10 ಜೊತೆಗಿರಲಿ, ಲಾರಿ ಮಾಲೀಕರಿಗೆ ನೂರು ಬೇಕು. ಮನೆಗೆ ತಂದ ದಿನವೇ, ಕುಡಿಯದೆ, ಏನೂ ತಿನ್ನದೆ ಕಾಲು ಗಂಟೆ ಕೂತು, ಎರಡೆರಡು ನಿಮಿಷ ಬಿಟ್ಟು ಐದು ಸಲ ಊದಿ. ಐದೂ ಸಲ ಸೊನ್ನೆ ಬರಬೇಕು. ಒಂದು ಸಲವಾದರೂ 0.005 ದಾಟಿದರೆ ಬಿಲ್ಲು ಸಮೇತ ವಾಪಸ್ ಕಳಿಸಿ.